ಓದಿದ ಮೇಲ್ ತಾನಾಗಿಯೇ ಇನ್‌ಬಾಕ್ಸ್‌ನಿಂದ ಆಚೆ ಹೋಗುವಂತೆ ಮಾಡುವುದು ಹೇಗೆ?

ಜಿಮೇಲ್‌ನಲ್ಲಿ ಒಂದು ಮೇಲ್ ಓದಿದ ಮೇಲೆ ಆಗುವ ಬದಲಾವಣೆ ಒಂದೇ: ದಪ್ಪ ಅಕ್ಷರ ತೆಳ್ಳಗಾಗುತ್ತದೆ. ಮೇಲ್ ಮಾತ್ರ ಇದ್ದಲ್ಲೇ ಇರುತ್ತದೆ. ನಾಳೆ ಬರುವ ಮೇಲ್ ಅದನ್ನು ಒಂದು ಸಾಲು ಕೆಳಕ್ಕೆ ತಳ್ಳುತ್ತದೆ, ಅಷ್ಟೇ. ಕರೆಂಟ್ ಬಿಲ್, ಓಟಿಪಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮಕ್ಕಳ ಶಾಲೆಯ ಸರ್ಕ್ಯುಲರ್, ರೈಲು ಟಿಕೆಟ್, ಬಟ್ಟೆ ಅಂಗಡಿಯ ಆಫರ್ ಎಲ್ಲ ಒಂದೇ ರಾಶಿಯಲ್ಲಿ ಸೇರುತ್ತವೆ. ಇದರ ಮಧ್ಯೆ ನೀವು ಉತ್ತರ ಕೊಡಬೇಕಾಗಿದ್ದ ಒಂದು ಮೇಲ್ ಎರಡನೇ ಪುಟಕ್ಕೆ ಜಾರಿದರೆ ಮುಗೀತು. ಮತ್ತೆ ಅದು ಕಣ್ಣಿಗೆ ಬೀಳುವುದು ಎದುರಿನವರು ಫೋನ್ ಮಾಡಿ ಕೇಳಿದಾಗಲೇ.

ಓದಿದ ಮೇಲ್‌ಗಳು ತಾವಾಗಿಯೇ ಪಕ್ಕಕ್ಕೆ ಸರಿಯುವ ಹಾಗೆ ಮಾಡಬಹುದಾ? ಮಾಡಬಹುದು. ಆದರೆ ಜಿಮೇಲ್‌ನಲ್ಲಿ ಅದಕ್ಕೆಂದೇ ಒಂದು ಬಟನ್ ಇಲ್ಲ. ಫಿಲ್ಟರ್, ಅಂದರೆ ಇಂಥ ಮೇಲ್ ಬಂದರೆ ಹೀಗೆ ಮಾಡು ಅಂತ ಹೇಳಿಡುವ ನಿಯಮ, ಹಾಕಿದರೆ ಆಗುತ್ತೆ ಅಂದುಕೊಂಡು ಶುರು ಮಾಡುವವರೇ ಜಾಸ್ತಿ. ಫಿಲ್ಟರ್ ಕೆಲಸ ಮಾಡುವುದು ಮೇಲ್ ಬಂದು ಬೀಳುವ ಹೊತ್ತಿನಲ್ಲಿ. ಆಗ ಅದು ಓದದ ಮೇಲ್. ನೀವು ಮಧ್ಯಾಹ್ನ ತೆರೆದು ಓದಿದ್ದು ಫಿಲ್ಟರ್‌ಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ‘ಓದಿದ್ದರೆ ಆಚೆ ಹಾಕು’ ಅಂತ ಫಿಲ್ಟರ್ ಬರೆದರೂ ನಡೆಯುವುದಿಲ್ಲ. ಬೇರೆ ದಾರಿ ಹಿಡಿಯಬೇಕು. ಅಂಥ ದಾರಿಗಳು ನಾಲ್ಕೈದು ಇವೆ. ಸುಲಭದ್ದರಿಂದ ಶುರು ಮಾಡೋಣ.

ಒಂದು ಮಾತು. ಜಿಮೇಲ್‌ನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು. ಆದರೆ ಹೆಚ್ಚಿನವರ ಪರದೆಯ ಮೇಲೆ ಮೆನು ಇಂಗ್ಲಿಷಿನಲ್ಲೇ ಇರುವುದರಿಂದ ಇಲ್ಲಿ ಆ ಹೆಸರುಗಳನ್ನೇ ಬರೆದಿದ್ದೇನೆ. ಸೆಟ್ಟಿಂಗ್ಸ್ ಕೆಲಸವನ್ನೆಲ್ಲ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಮಾಡಿ. ಫೋನಿನ ಆ್ಯಪ್‌ನಲ್ಲಿ ಇವುಗಳಲ್ಲಿ ಅರ್ಧಕ್ಕರ್ಧ ಸಿಗುವುದಿಲ್ಲ.

ಓದಿದ್ದೆಲ್ಲ ಮುಗಿದಿದ್ದಲ್ಲ

ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಇದೊಂದನ್ನು ತೀರ್ಮಾನ ಮಾಡಿಕೊಳ್ಳಿ. ಓದಿದ ಮೇಲ್ ತಾನಾಗಿ ಆಚೆ ಹೋಗಬೇಕು ಅಂದರೆ, ಓದಿಯೂ ಕೆಲಸ ಬಾಕಿ ಇರುವ ಮೇಲ್ ಯಾವುದು ಅಂತ ಕಂಪ್ಯೂಟರ್‌ಗೆ ಹೇಳುವ ಒಂದು ಗುರುತು ಬೇಕು. ಜಿಮೇಲ್‌ನಲ್ಲಿ ಅದಕ್ಕೆ ಸ್ಟಾರ್‌ಗಿಂತ ಒಳ್ಳೆಯದು ಇಲ್ಲ. ಒಂದೇ ಕ್ಲಿಕ್, ಫೋನಿನಲ್ಲೂ ಸಿಗುತ್ತದೆ, ಎಲ್ಲ ಕಡೆ ಕಾಣುತ್ತದೆ.

ಆದಾಯ ತೆರಿಗೆಯ ಉದಾಹರಣೆ ನೋಡಿ. ರಿಟರ್ನ್ ಸಲ್ಲಿಸಿದ ಮೇಲೆ ಅದನ್ನು ಇ-ವೆರಿಫೈ ಮಾಡಬೇಕು. ಮೊದಲು ಇದಕ್ಕೆ 120 ದಿನ ಇತ್ತು. 2022ರ ಆಗಸ್ಟ್ 1ರಿಂದ 30 ದಿನಕ್ಕೆ ಇಳಿಸಿದ್ದಾರೆ. ನೀವು ಜುಲೈ ಕೊನೆಗೆ ರಿಟರ್ನ್ ಹಾಕಿ, ಇಲಾಖೆಯ ಮೇಲ್ ತೆರೆದು ನೋಡಿ, ‘ಆಮೇಲೆ ಮಾಡೋಣ’ ಅಂತ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಓದಿದ ಮೇಲ್. ಓದಿದ್ದು ಎರಡು ವಾರಕ್ಕೆ ಆಚೆ ಹೋಗಲಿ ಅಂತ ಏರ್ಪಾಡು ಮಾಡಿದ್ದರೆ ಅದೂ ಇನ್‌ಬಾಕ್ಸ್‌ನಿಂದ ಹೋಗುತ್ತದೆ. ಅದರ ಜೊತೆ ನಿಮ್ಮ ನೆನಪೂ ಹೋಗುತ್ತದೆ. ಅದೇ ಮೇಲ್‌ಗೆ ಓದಿದ ಕೂಡಲೇ ಸ್ಟಾರ್ ಹಾಕಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಕೆಲಸ ಮುಗಿದ ದಿನ ಸ್ಟಾರ್ ತೆಗೆಯಿರಿ, ಆಮೇಲೆ ಅದರ ಪಾಡಿಗೆ ಅದು ಹೋಗುತ್ತದೆ.

ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಒಂದೇ ಮೇಲ್ ಖಾತೆ ನೋಡುತ್ತಿದ್ದರೆ ಇದು ಇನ್ನೂ ಮುಖ್ಯ. ಒಬ್ಬರು ತೆರೆದಿದ್ದು ಇನ್ನೊಬ್ಬರಿಗೂ ‘ಓದಿದ್ದು’ ಆಗಿಬಿಡುತ್ತದೆ. ಇಬ್ಬರೂ ಸ್ಟಾರ್ ಪದ್ಧತಿಗೆ ಒಪ್ಪಿಕೊಂಡ ಮೇಲೆಯೇ ಮುಂದುವರಿಯಿರಿ.

ಇನ್ನೊಂದು ತೀರ್ಮಾನ: ಆಚೆ ಹಾಕುವುದು ಅಂದರೆ ಅಳಿಸುವುದಲ್ಲ, ಆರ್ಕೈವ್ ಮಾಡುವುದು. ಡಿಲೀಟ್ ಮಾಡಿದ್ದು ಟ್ರ್ಯಾಶ್‌ಗೆ ಹೋಗಿ 30 ದಿನಕ್ಕೆ ಪೂರ್ತಿ ಅಳಿಸಿಹೋಗುತ್ತದೆ. ಆರ್ಕೈವ್ ಮಾಡಿದ್ದು ಇನ್‌ಬಾಕ್ಸ್‌ನಲ್ಲಿ ಕಾಣುವುದಿಲ್ಲ ಅಷ್ಟೇ, ಖಾತೆಯಲ್ಲಿ ಇದ್ದೇ ಇರುತ್ತದೆ. ಹುಡುಕಿದರೆ ಸಿಗುತ್ತದೆ. ಜಿಮೇಲ್‌ನಲ್ಲಿ ಆರ್ಕೈವ್ ಅನ್ನುವ ಹೆಸರಿನ ಫೋಲ್ಡರ್ ಇಲ್ಲದಿರುವುದರಿಂದ ಹಲವರು ಗಾಬರಿಯಾಗುತ್ತಾರೆ. ಎಡಗಡೆ ‘ಮೋರ್’ ಒತ್ತಿ, ‘ಆಲ್ ಮೇಲ್’ ತೆರೆಯಿರಿ. ಎಲ್ಲ ಅಲ್ಲೇ ಇರುತ್ತದೆ. ಆರ್ಕೈವ್ ಆದ ಮೇಲ್‌ಗೆ ಯಾರಾದರೂ ಉತ್ತರ ಬರೆದರೆ ಆ ಇಡೀ ಮಾತುಕತೆ ಮತ್ತೆ ಇನ್‌ಬಾಕ್ಸ್‌ಗೆ ಬರುತ್ತದೆ. ಆದ್ದರಿಂದ ಆರ್ಕೈವ್ ಮಾಡಲು ಹೆದರಬೇಕಾಗಿಲ್ಲ. ಓದಿದ್ದನ್ನು ತಾನಾಗಿ ಡಿಲೀಟ್ ಮಾಡುವ ಏರ್ಪಾಡು ಮಾತ್ರ ಯಾವ ಕಾರಣಕ್ಕೂ ಬೇಡ.

ಎರಡು ನಿಮಿಷದ ದಾರಿ: ಓದದ್ದು ಮೇಲೆ, ಓದಿದ್ದು ಕೆಳಗೆ

ತುಂಬಾ ಜನಕ್ಕೆ ಇದೊಂದೇ ಸಾಕಾಗಬಹುದು. ಬಲಗಡೆ ಮೇಲಿರುವ ಹಲ್ಲಿನ ಚಕ್ರದ ಗುರುತು ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’ಗೆ ಹೋಗಿ. ‘ಇನ್‌ಬಾಕ್ಸ್’ ಟ್ಯಾಬ್ ತೆರೆಯಿರಿ. ಮೊದಲ ಸಾಲಿನಲ್ಲೇ ‘ಇನ್‌ಬಾಕ್ಸ್ ಟೈಪ್’ ಇರುತ್ತದೆ. ಅಲ್ಲಿ ‘ಅನ್‌ರೆಡ್ ಫಸ್ಟ್’ ಆರಿಸಿ, ಕೆಳಗೆ ಹೋಗಿ ‘ಸೇವ್ ಚೇಂಜಸ್’ ಒತ್ತಿ.

ಈಗ ಇನ್‌ಬಾಕ್ಸ್ ಎರಡು ಭಾಗ ಆಗುತ್ತದೆ. ಓದದ ಮೇಲ್ ಮೇಲಿನ ಭಾಗದಲ್ಲಿ, ಉಳಿದದ್ದೆಲ್ಲ ‘ಎವೆರಿಥಿಂಗ್ ಎಲ್ಸ್’ ಅನ್ನುವ ಕೆಳಗಿನ ಭಾಗದಲ್ಲಿ. ಒಂದು ಮೇಲ್ ತೆರೆದು ಓದಿ ವಾಪಸ್ ಬಂದರೆ ಅದು ತಾನಾಗಿ ಕೆಳಗಿನ ಭಾಗಕ್ಕೆ ಇಳಿಯುತ್ತದೆ. ಮೇಲಿನ ಭಾಗದಲ್ಲಿ ಒಮ್ಮೆಗೆ ಎಷ್ಟು ಮೇಲ್ ಕಾಣಬೇಕು ಅನ್ನುವುದನ್ನೂ ಅಲ್ಲೇ ಹೇಳಬಹುದು. 25 ಇಟ್ಟುಕೊಳ್ಳಿ. 5 ಅಥವಾ 10 ಇಟ್ಟರೆ ಮೂರು ದಿನ ಮೇಲ್ ನೋಡದೆ ಊರಿಗೆ ಹೋಗಿ ಬಂದಾಗ ಹಳೆಯದು ಮರೆಯಾಗುತ್ತದೆ.

ಒಂದು ಬದಲಾವಣೆ ಗಮನಕ್ಕೆ ಬರುತ್ತದೆ. ‘ಪ್ರಮೋಷನ್ಸ್’, ‘ಸೋಷಿಯಲ್’ ಅನ್ನುವ ಟ್ಯಾಬ್‌ಗಳು ಮೇಲಿನಿಂದ ಹೋಗಿಬಿಡುತ್ತವೆ. ಅವು ಇರುವುದು ‘ಡಿಫಾಲ್ಟ್’ ಇನ್‌ಬಾಕ್ಸ್‌ನಲ್ಲಿ. ಹಾಗಾಗಿ ಆಫರ್ ಮೇಲ್‌ಗಳೂ ಓದದ ಭಾಗದಲ್ಲೇ ಬಂದು ಕೂರುತ್ತವೆ. ಅವುಗಳ ಕಾಟ ಜಾಸ್ತಿ ಇದ್ದರೆ ಒಂದು ಸಂಜೆ ಕೂತು ‘ಅನ್‌ಸಬ್‌ಸ್ಕ್ರೈಬ್’ ಒತ್ತಿಬಿಡಿ. ಗೂಗಲ್ 2024ರಿಂದ ಒಂದು ನಿಯಮ ತಂದಿದೆ. ರಾಶಿ ರಾಶಿ ಪ್ರಚಾರದ ಮೇಲ್ ಕಳಿಸುವ ಕಂಪನಿಗಳು ಒಂದೇ ಕ್ಲಿಕ್‌ನಲ್ಲಿ ಬಿಡಿಸಿಕೊಳ್ಳುವ ಅವಕಾಶ ಕೊಡಲೇಬೇಕು. ಕಳಿಸಿದವರ ಹೆಸರಿನ ಪಕ್ಕದಲ್ಲೇ ಆ ಬಟನ್ ಕಾಣುತ್ತದೆ. ಮೊದಲಿನಷ್ಟು ಒದ್ದಾಟ ಈಗ ಇಲ್ಲ.

ಇಲ್ಲಿ ನಿಜಕ್ಕೂ ಏನೂ ಆರ್ಕೈವ್ ಆಗಿಲ್ಲ, ಬರೀ ಜೋಡಣೆ ಬದಲಾಗಿದೆ. ಬೇಡ ಅನಿಸಿದರೆ ಅದೇ ಜಾಗದಲ್ಲಿ ‘ಡಿಫಾಲ್ಟ್’ಗೆ ಮರಳಿ ಹೋದರಾಯಿತು.

ಹಳೆಯ ರಾಶಿಯನ್ನು ಒಂದೇ ಸಲ ಸರಿಸುವುದು

ಹತ್ತು ವರ್ಷದ ರಾಶಿ ಹಾಗೇ ಇಟ್ಟುಕೊಂಡು ಹೊಸ ಏರ್ಪಾಡು ಮಾಡಿದರೆ ಏನೂ ಬದಲಾದ ಹಾಗೆ ಅನಿಸುವುದಿಲ್ಲ. ಮೊದಲು ಅದನ್ನು ಸರಿಸಿ. ಇದಕ್ಕೆ ಜಿಮೇಲ್‌ನ ಹುಡುಕಾಟದ ಪೆಟ್ಟಿಗೆ ಸಾಕು.

ಶುರು ಮಾಡುವ ಮೊದಲು ಸೆಟ್ಟಿಂಗ್ಸ್‌ನ ‘ಜನರಲ್’ ಟ್ಯಾಬ್‌ನಲ್ಲಿ ‘ಕಾನ್ವರ್ಸೇಶನ್ ವ್ಯೂ’ ಆಫ್ ಮಾಡಿ, ಸೇವ್ ಮಾಡಿ. ಇದನ್ನು ಬಿಟ್ಟುಬಿಡಬೇಡಿ. ಜಿಮೇಲ್ ಹುಡುಕುವುದು ಒಂದೊಂದು ಮೇಲ್ ಲೆಕ್ಕದಲ್ಲಿ, ಆದರೆ ತೋರಿಸುವುದು ಇಡೀ ಮಾತುಕತೆಯನ್ನು. ಹತ್ತು ಮೇಲ್ ಇರುವ ಒಂದು ಮಾತುಕತೆಯಲ್ಲಿ ಒಂಬತ್ತು ಓದಿ, ಕೊನೆಯದು ಓದಿಲ್ಲ ಅಂದರೂ ‘ಓದಿದ್ದು’ ಅಂತ ಹುಡುಕಿದಾಗ ಅದು ಬರುತ್ತದೆ. ಸ್ಟಾರ್‌ನದೂ ಇದೇ ಕತೆ. ಆರ್ಕೈವ್ ಒತ್ತಿದರೆ ಓದದ ಆ ಕೊನೆಯ ಮೇಲ್ ಕೂಡ ಜೊತೆಗೇ ಹೋಗುತ್ತದೆ. ಕಾನ್ವರ್ಸೇಶನ್ ವ್ಯೂ ಆಫ್ ಇದ್ದರೆ ಪ್ರತಿ ಮೇಲ್ ಬೇರೆ ಬೇರೆ ನಿಲ್ಲುವುದರಿಂದ ಈ ತೊಂದರೆ ಇಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಆನ್ ಮಾಡಿಕೊಳ್ಳಿ.

ಈಗ ಹುಡುಕುವ ಪೆಟ್ಟಿಗೆಯಲ್ಲಿ ನಾಲ್ಕು ತುಣುಕು ಟೈಪ್ ಮಾಡಬೇಕು. ಎಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ. ಕೋಲನ್‌ನ ಆಚೀಚೆ ಜಾಗ ಬಿಡಬಾರದು, ಒಂದು ತುಣುಕಿಗೂ ಇನ್ನೊಂದಕ್ಕೂ ಮಧ್ಯೆ ಒಂದು ಜಾಗ ಬಿಡಬೇಕು.

ಮೊದಲನೆಯದು: ಇನ್, ಕೋಲನ್, ಇನ್‌ಬಾಕ್ಸ್. ಎರಡನೆಯದು: ಇಸ್, ಕೋಲನ್, ರೀಡ್. ಮೂರನೆಯದು: ಓಲ್ಡರ್, ಅಂಡರ್‌ಸ್ಕೋರ್, ದ್ಯಾನ್, ಕೋಲನ್, ಆಮೇಲೆ 1 ಮತ್ತು ಎಮ್ ಅಕ್ಷರ. ಎಮ್ ಅಂದರೆ ತಿಂಗಳು. ದಿನಕ್ಕೆ ಡಿ, ವರ್ಷಕ್ಕೆ ವೈ. ನಾಲ್ಕನೆಯದು: ಮೈನಸ್ ಗುರುತು, ಅದಕ್ಕೆ ಅಂಟಿಕೊಂಡು ಇಸ್, ಕೋಲನ್, ಸ್ಟಾರ್ಡ್. ಅಂದರೆ ಇನ್‌ಬಾಕ್ಸ್‌ನಲ್ಲಿರುವ, ಓದಿರುವ, ಒಂದು ತಿಂಗಳಿಗಿಂತ ಹಳೆಯ, ಸ್ಟಾರ್ ಇಲ್ಲದ ಮೇಲ್‌ಗಳು ಬೇಕು ಅಂತ ಹೇಳಿದ ಹಾಗಾಯಿತು.

ಎಂಟರ್ ಒತ್ತಿ. ಬಂದ ಪಟ್ಟಿಯ ಮೊದಲ ಎರಡು ಪುಟ ನಿಧಾನವಾಗಿ ಕಣ್ಣಾಡಿಸಿ. ಬಾಕಿ ಇರುವ ಕೆಲಸ ಏನಾದರೂ ಕಂಡರೆ ಸ್ಟಾರ್ ಹಾಕಿ, ಮತ್ತೆ ಹುಡುಕಿ. ಆಮೇಲೆ ಪಟ್ಟಿಯ ಮೇಲಿರುವ ಚೌಕಕ್ಕೆ ಟಿಕ್ ಹಾಕಿ. ಆಗ ಆಯ್ಕೆ ಆಗುವುದು ಆ ಪುಟದಲ್ಲಿ ಇರುವಷ್ಟು ಮಾತ್ರ. ಅದರ ಮೇಲೆ, ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆರಿಸಿಕೊಳ್ಳಲಾ ಅಂತ ಕೇಳುವ ನೀಲಿ ಸಾಲು ಬರುತ್ತದೆ. ಅದನ್ನು ಒತ್ತಿ. ನಂತರ ಆರ್ಕೈವ್ ಗುರುತು ಒತ್ತಿ: ಪೆಟ್ಟಿಗೆಯೊಳಗೆ ಕೆಳಮುಖ ಬಾಣ ಇರುವ ಚಿತ್ರ ಅದು. ಅದರ ಹತ್ತಿರವೇ ಡಿಲೀಟ್‌ನ ಡಬ್ಬಿ ಇರುತ್ತದೆ, ನೋಡಿಕೊಂಡು ಒತ್ತಿ. ಸಾವಿರಾರು ಮೇಲ್ ಇದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅರ್ಧದಲ್ಲಿ ಕಿಟಕಿ ಮುಚ್ಚಬೇಡಿ.

ಯಂತ್ರ ಕಳಿಸುವ ಮೇಲ್‌ಗೆ ಫಿಲ್ಟರ್

ಓದಿದ್ದನ್ನು ಗುರುತಿಸುವ ಕೆಲಸಕ್ಕೆ ಫಿಲ್ಟರ್ ಆಗುವುದಿಲ್ಲ ಅಂದೆ. ಆದರೆ ಅದೇ ಫಿಲ್ಟರ್‌ಗೆ ಲೇಬಲ್‌ನ (ಮೇಲ್‌ಗೆ ಅಂಟಿಸುವ ಹೆಸರಿನ ಚೀಟಿ ಇದ್ದ ಹಾಗೆ) ಒಂದು ಸಣ್ಣ ಸೆಟ್ಟಿಂಗ್ ಸೇರಿಸಿದರೆ, ಓದುವ ತನಕ ಕಣ್ಣೆದುರು ಇದ್ದು, ಓದಿದ ತಕ್ಷಣ ಮರೆಯಾಗುವ ಏರ್ಪಾಡು ಆಗುತ್ತದೆ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಎಷ್ಟೋ ವರ್ಷದಿಂದ ಜಿಮೇಲ್ ಬಳಸುವವರೂ ಇದನ್ನು ಗಮನಿಸಿರುವುದಿಲ್ಲ.

ನಮ್ಮ ಇನ್‌ಬಾಕ್ಸ್‌ಗೆ ಬರುವುದರಲ್ಲಿ ಮನುಷ್ಯರು ಕೂತು ಬರೆದ ಮೇಲ್ ಕಡಿಮೆ. ಬಿಲ್, ರಶೀದಿ, ಸ್ಟೇಟ್‌ಮೆಂಟ್, ಡೆಲಿವರಿ ಸುದ್ದಿ, ಟಿಕೆಟ್ ಇವೇ ಜಾಸ್ತಿ. ಇವು ಒಂದೇ ವಿಳಾಸದಿಂದ, ಒಂದೇ ತರಹದ ಸಬ್ಜೆಕ್ಟ್ ಸಾಲಿನ ಜೊತೆ ಬರುತ್ತವೆ. ಫಿಲ್ಟರ್‌ಗೆ ಹೇಳಿ ಮಾಡಿಸಿದ ಹಾಗಿರುತ್ತವೆ.

ಕರೆಂಟ್ ಬಿಲ್‌ನಿಂದ ಶುರು ಮಾಡಿ. ಬಿಲ್ ಬಂದಿರುವ ಒಂದು ಮೇಲ್ ತೆರೆಯಿರಿ. ಮೇಲಿರುವ ಮೂರು ಚುಕ್ಕಿ ಒತ್ತಿ, ‘ಫಿಲ್ಟರ್ ಮೆಸೇಜಸ್ ಲೈಕ್ ದೀಸ್’ ಆರಿಸಿ. ‘ಫ್ರಮ್’ ಜಾಗದಲ್ಲಿ ಕಳಿಸಿದವರ ವಿಳಾಸ ಆಗಲೇ ತುಂಬಿರುತ್ತದೆ. ‘ಕ್ರಿಯೇಟ್ ಫಿಲ್ಟರ್’ ಒತ್ತಿ. ಮುಂದಿನ ಪೆಟ್ಟಿಗೆಯಲ್ಲಿ ‘ಸ್ಕಿಪ್ ದ ಇನ್‌ಬಾಕ್ಸ್’ಗೆ ಟಿಕ್ ಹಾಕಿ. ‘ಅಪ್ಲೈ ದ ಲೇಬಲ್’ಗೆ ಟಿಕ್ ಹಾಕಿ, ‘ನ್ಯೂ ಲೇಬಲ್’ ಆರಿಸಿ, ‘ಬಿಲ್’ ಅಂತ ಹೆಸರು ಕೊಡಿ. ಲೇಬಲ್ ಹೆಸರು ಕನ್ನಡದಲ್ಲೇ ಬರೆಯಬಹುದು, ಚೆನ್ನಾಗಿ ಕಾಣುತ್ತದೆ. ‘ಮಾರ್ಕ್ ಆಸ್ ರೀಡ್’ಗೆ ಮಾತ್ರ ಟಿಕ್ ಹಾಕಬೇಡಿ. ಹಾಕಿದರೆ ಬಿಲ್ ಬಂದದ್ದೇ ತಿಳಿಯುವುದಿಲ್ಲ, ಕೊನೆಯ ದಿನಾಂಕ ದಾಟಿಹೋಗುತ್ತದೆ. ಹಳೆಯ ಬಿಲ್‌ಗಳಿಗೂ ಇದೇ ಅನ್ವಯ ಆಗಲಿ ಅಂದರೆ ‘ಆಲ್ಸೋ ಅಪ್ಲೈ ಫಿಲ್ಟರ್’ ಅಂತ ಶುರುವಾಗುವ ಕೊನೆಯ ಸಾಲಿಗೂ ಟಿಕ್ ಹಾಕಿ.

ಈಗ ಸೆಟ್ಟಿಂಗ್ಸ್‌ನ ‘ಲೇಬಲ್ಸ್’ ಟ್ಯಾಬ್‌ಗೆ ಹೋಗಿ. ಕೆಳಗೆ ನೀವು ಮಾಡಿದ ‘ಬಿಲ್’ ಇರುತ್ತದೆ. ಅದರ ಎದುರು ‘ಶೋ’, ‘ಹೈಡ್’, ‘ಶೋ ಇಫ್ ಅನ್‌ರೆಡ್’ ಅಂತ ಮೂರು ಆಯ್ಕೆ. ಮೂರನೆಯದನ್ನು ಒತ್ತಿ.

ಇನ್ನು ಮೇಲೆ ಬಿಲ್ ಬಂದಾಗ ಎಡಗಡೆಯ ಪಟ್ಟಿಯಲ್ಲಿ ‘ಬಿಲ್’ ಅಂತ ದಪ್ಪಕ್ಷರದಲ್ಲಿ ಮೂಡುತ್ತದೆ, ಪಕ್ಕದಲ್ಲಿ ಎಷ್ಟು ಓದಬೇಕಿದೆ ಅನ್ನುವ ಸಂಖ್ಯೆ. ಅದನ್ನು ತೆರೆದು ಓದಿದ ಮೇಲೆ ಲೇಬಲ್ ಪಟ್ಟಿಯಿಂದಲೇ ಮಾಯ. ಮುಂದಿನ ತಿಂಗಳ ಬಿಲ್ ಬರುವ ತನಕ ಅದರ ಸುಳಿವೇ ಇರುವುದಿಲ್ಲ. ಇನ್‌ಬಾಕ್ಸ್‌ಗೆ ಅದು ಕಾಲೇ ಇಟ್ಟಿಲ್ಲ. ವರ್ಷದ ಎಲ್ಲ ಬಿಲ್ ಒಟ್ಟಿಗೆ ಬೇಕು ಅಂದಾಗ ‘ಮೋರ್’ ಒತ್ತಿ ಲೇಬಲ್ ತೆರೆದರೆ ಸಾಲಾಗಿ ಸಿಗುತ್ತವೆ.

ಇದೇ ರೀತಿ ‘ಟಿಕೆಟ್’, ‘ಸ್ಟೇಟ್‌ಮೆಂಟ್’, ‘ಶಾಪಿಂಗ್’ ಅಂತ ಇನ್ನು ಮೂರು ಮಾಡಿ. ಅಲ್ಲಿಗೇ ನಿಲ್ಲಿಸಿ ಅನ್ನುವುದು ನನ್ನ ಸಲಹೆ. ಇಪ್ಪತ್ತು ಲೇಬಲ್ ಮಾಡಿದವರು ಕೊನೆಗೆ ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲೇ ಸುಸ್ತಾಗುತ್ತಾರೆ. ಹೇಗೂ ಹುಡುಕುವ ಪೆಟ್ಟಿಗೆ ಇದೆಯಲ್ಲ.

ಬ್ಯಾಂಕಿನ ವಿಷಯದಲ್ಲಿ ಎಚ್ಚರ ಬೇಕು. ತಿಂಗಳ ಸ್ಟೇಟ್‌ಮೆಂಟ್ ಮತ್ತು ‘ನಿಮ್ಮ ಖಾತೆಯಿಂದ ಹಣ ಹೋಗಿದೆ’ ಅನ್ನುವ ಅಲರ್ಟ್ ಒಂದೇ ವಿಳಾಸದಿಂದ ಬರಬಹುದು. ವಿಳಾಸ ಒಂದನ್ನೇ ನೋಡಿ ಫಿಲ್ಟರ್ ಹಾಕಿದರೆ ಅಲರ್ಟ್ ಕೂಡ ಇನ್‌ಬಾಕ್ಸ್ ತಪ್ಪಿಸಿಕೊಂಡು ಹೋಗುತ್ತದೆ. ಅದಕ್ಕೆ ‘ಸಬ್ಜೆಕ್ಟ್’ ಜಾಗದಲ್ಲಿ ಸ್ಟೇಟ್‌ಮೆಂಟ್ ಅನ್ನುವ ಪದವನ್ನು ಮೇಲ್‌ನಲ್ಲಿ ಇರುವ ಹಾಗೆಯೇ ಇಂಗ್ಲಿಷಿನಲ್ಲಿ ಸೇರಿಸಿ. ಬ್ಯಾಂಕಿನ ಅಲರ್ಟ್, ತೆರಿಗೆ ಇಲಾಖೆ, ಪಿಎಫ್, ಕಾಲೇಜು ಅಡ್ಮಿಶನ್, ಆಸ್ಪತ್ರೆಯ ರಿಪೋರ್ಟ್ ಇವುಗಳಿಗೆ ಇನ್‌ಬಾಕ್ಸ್ ತಪ್ಪಿಸುವ ಫಿಲ್ಟರ್ ಬೇಡವೇ ಬೇಡ. ಇನ್‌ಬಾಕ್ಸ್ ತಪ್ಪಿಸಿದ ಮೇಲ್‌ಗೆ ಫೋನಿನಲ್ಲಿ ಸಾಮಾನ್ಯವಾಗಿ ನೋಟಿಫಿಕೇಶನ್ ಕೂಡ ಬರುವುದಿಲ್ಲ ಅನ್ನುವುದು ನೆನಪಿರಲಿ.

ಹೊಸದಾಗಿ ಎಲ್ಲಾದರೂ ವಿಳಾಸ ಕೊಡುವಾಗ ಇನ್ನೊಂದು ಅನುಕೂಲ ಇದೆ. ನಿಮ್ಮ ಜಿಮೇಲ್ ಹೆಸರಿನ ಕೊನೆಗೆ, ಅಟ್ ಗುರುತಿಗೆ ಮೊದಲು, ಪ್ಲಸ್ ಹಾಕಿ ಒಂದು ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಶಾಪಿಂಗ್ ತಾಣಕ್ಕೆ ಹಾಗೆ ಕೊಟ್ಟರೆ, ಫಿಲ್ಟರ್‌ನ ‘ಟು’ ಜಾಗದಲ್ಲಿ ಆ ವಿಳಾಸ ಬರೆದು ಎಲ್ಲವನ್ನೂ ಒಂದೇ ಏಟಿಗೆ ಹಿಡಿಯಬಹುದು. ಕೆಲವು ತಾಣಗಳು ಪ್ಲಸ್ ಇರುವ ವಿಳಾಸ ಒಪ್ಪುವುದಿಲ್ಲ, ಅಲ್ಲಿ ಬಿಟ್ಟುಬಿಡಿ.

ನಿಜವಾಗಿ ತಾನಾಗಿಯೇ ಆಗಬೇಕು ಅಂದರೆ

ಬಂದು ಹದಿನೈದು ದಿನ ದಾಟಿದ, ಓದಿ ಆಗಿರುವ ಮೇಲ್, ಸ್ಟಾರ್ ಇಲ್ಲದಿದ್ದರೆ, ನಾನು ಏನೂ ಮಾಡದೆಯೇ ಆರ್ಕೈವ್ ಆಗಬೇಕು. ಇದು ಬೇಕು ಅನ್ನುವವರಿಗೆ ಎರಡು ದಾರಿ. ಕೋಡ್ ಬರೆಯಲು ಬಾರದವರಿಗೆ ಥಂಡರ್‌ಬರ್ಡ್, ಬರುವವರಿಗೆ ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಥಂಡರ್‌ಬರ್ಡ್ ಅನ್ನುವುದು ಕಂಪ್ಯೂಟರ್‌ನಲ್ಲಿ ಮೇಲ್ ನೋಡುವ ತಂತ್ರಾಂಶ, ಮೊಜಿಲ್ಲಾ ಬಳಗದ್ದು. ಅದರ ಫಿಲ್ಟರ್‌ಗೆ ಜಿಮೇಲ್‌ನ ಫಿಲ್ಟರ್‌ಗೆ ಇಲ್ಲದ ಎರಡು ಗುಣ ಇದೆ. ಮೇಲ್ ಓದಿದ್ದಾ ಇಲ್ಲವಾ ಅಂತ ನೋಡುತ್ತದೆ, ಎಷ್ಟು ದಿನ ಹಳೆಯದು ಅಂತಲೂ ನೋಡುತ್ತದೆ. ಅದೂ ಮೇಲ್ ಬಂದಾಗ ಮಾತ್ರ ಅಲ್ಲ, ಹತ್ತು ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತದೆ.

ಅದನ್ನು ಇನ್‌ಸ್ಟಾಲ್ ಮಾಡಿ, ನಿಮ್ಮ ಜಿಮೇಲ್ ವಿಳಾಸ ಕೊಡಿ. ಗೂಗಲ್‌ನದೇ ಲಾಗಿನ್ ಪುಟ ತೆರೆದುಕೊಳ್ಳುತ್ತದೆ, ಅಲ್ಲಿ ಒಪ್ಪಿಗೆ ಕೊಡಿ. ಐಮ್ಯಾಪ್ ಅಥವಾ ಪಾಪ್ ಅಂತ ಕೇಳಿದರೆ ಐಮ್ಯಾಪ್ ಆರಿಸಿ. ಐಮ್ಯಾಪ್ ಇದ್ದರೆ ಇಲ್ಲಿ ಮಾಡಿದ್ದೆಲ್ಲ ವೆಬ್‌ನಲ್ಲೂ ಫೋನಿನಲ್ಲೂ ಆಗುತ್ತದೆ.

ನಂತರ ಮೆನುವಿನಲ್ಲಿ ‘ಟೂಲ್ಸ್’, ಅದರಲ್ಲಿ ‘ಮೆಸೇಜ್ ಫಿಲ್ಟರ್ಸ್’. ‘ನ್ಯೂ’ ಒತ್ತಿ, ಒಂದು ಹೆಸರು ಕೊಡಿ. ಯಾವಾಗ ನಡೆಯಬೇಕು ಅನ್ನುವ ಕಡೆ ‘ಮ್ಯಾನ್ಯುಯಲಿ ರನ್’ ಮತ್ತು ‘ಪೀರಿಯಾಡಿಕಲಿ’ ಎರಡಕ್ಕೂ ಟಿಕ್ ಇರಲಿ, ‘ಗೆಟ್ಟಿಂಗ್ ನ್ಯೂ ಮೇಲ್’ ಟಿಕ್ ತೆಗೆಯಿರಿ. ‘ಮ್ಯಾಚ್ ಆಲ್’ ಆರಿಸಿ. ಇದು ತಪ್ಪಿ ‘ಎನಿ’ ಆದರೆ ಮೂರು ಷರತ್ತಿನಲ್ಲಿ ಒಂದು ಸರಿಹೊಂದಿದರೂ ಮೇಲ್ ಹೋಗಿಬಿಡುತ್ತದೆ, ಆದ್ದರಿಂದ ಎರಡು ಸಲ ನೋಡಿ.

ಮೂರು ಷರತ್ತು ಹೀಗೆ: ‘ಸ್ಟೇಟಸ್’ ‘ಇಸ್’ ‘ರೀಡ್’, ‘ಸ್ಟೇಟಸ್’ ‘ಇಸಂಟ್’ ‘ಸ್ಟಾರ್ಡ್’, ‘ಏಜ್ ಇನ್ ಡೇಸ್’ ‘ಇಸ್ ಗ್ರೇಟರ್ ದ್ಯಾನ್’ 15. ಕೆಳಗೆ ಏನು ಮಾಡಬೇಕು ಅನ್ನುವಲ್ಲಿ ‘ಮೂವ್ ಮೆಸೇಜ್ ಟು’ ಆರಿಸಿ, ಜಿಮೇಲ್ ಫೋಲ್ಡರ್‌ನ ಒಳಗಿರುವ ‘ಆಲ್ ಮೇಲ್’ ತೋರಿಸಿ. ಇನ್‌ಬಾಕ್ಸ್‌ನಿಂದ ಆಲ್ ಮೇಲ್‌ಗೆ ಸರಿಸುವುದು ಅಂದರೆ ಜಿಮೇಲ್ ಲೆಕ್ಕದಲ್ಲಿ ಆರ್ಕೈವ್ ಮಾಡುವುದೇ. ಜಿಮೇಲ್‌ನಲ್ಲಿ ನೀವು ಹಾಕಿದ ಸ್ಟಾರ್ ಇಲ್ಲೂ ಸ್ಟಾರ್ ಆಗಿಯೇ ಕಾಣುವುದರಿಂದ ಆ ಷರತ್ತು ಸರಿಯಾಗಿ ನಡೆಯುತ್ತದೆ.

ಸೇವ್ ಮಾಡಿದ ಮೇಲೆ ಫಿಲ್ಟರ್ ಪಟ್ಟಿಯ ಕಿಟಕಿಯಲ್ಲೇ ‘ರನ್ ನೌ’ ಒತ್ತಿ ಒಮ್ಮೆ ಪರೀಕ್ಷೆ ಮಾಡಿ. ಮೊದಲ ಸಲ ದಿನದ ಸಂಖ್ಯೆಯನ್ನು 15ರ ಬದಲು ದೊಡ್ಡದಾಗಿ, 365 ಅಂತ ಇಟ್ಟು ನೋಡುವುದು ಕ್ಷೇಮ. ಸರಿ ಇದೆ ಅಂತ ಖಾತ್ರಿ ಆದ ಮೇಲೆ 15ಕ್ಕೆ ಇಳಿಸಿ. ಥಂಡರ್‌ಬರ್ಡ್ ತೆರೆದಿರುವಾಗ ಮಾತ್ರ ಇದು ನಡೆಯುತ್ತದೆ. ದಿನಕ್ಕೊಮ್ಮೆ ಲ್ಯಾಪ್‌ಟಾಪ್ ತೆರೆಯುವವರಿಗೆ ಅಷ್ಟೇ ಸಾಕು. ಐಮ್ಯಾಪ್ ಕೊಡುವ ಬೇರೆ ಯಾವ ವೆಬ್‌ಮೇಲ್‌ಗಾದರೂ ಇದೇ ಉಪಾಯ ನಡೆಯುತ್ತದೆ, ಸರಿಸುವ ಫೋಲ್ಡರ್‌ನ ಹೆಸರು ಬೇರೆ ಇರುತ್ತದೆ ಅಷ್ಟೇ.

ಲ್ಯಾಪ್‌ಟಾಪ್ ಮುಚ್ಚಿದ್ದರೂ ನಡೆಯಬೇಕು ಅಂದರೆ ಆ್ಯಪ್ಸ್ ಸ್ಕ್ರಿಪ್ಟ್. ಇದು ಗೂಗಲ್‌ನ ಸರ್ವರ್‌ನಲ್ಲೇ ಓಡುವ ಪುಟ್ಟ ಪ್ರೋಗ್ರಾಮ್. ಜಾವಾಸ್ಕ್ರಿಪ್ಟ್ ಗೊತ್ತಿರುವವರು ಅರ್ಧ ಗಂಟೆಯಲ್ಲಿ ಬರೆಯುತ್ತಾರೆ. ತಿರುಳು ಇಷ್ಟೇ: ಮೇಲೆ ಹೇಳಿದ ಹುಡುಕಾಟದ ನಾಲ್ಕು ತುಣುಕನ್ನೇ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿರುವ ‘ಜಿಮೇಲ್‌ಆ್ಯಪ್’ ಅನ್ನುವ ಸೌಲಭ್ಯದ ಸರ್ಚ್‌ಗೆ (ಫೋನಿನ ಆ್ಯಪ್ ಅಲ್ಲ) ಕೊಡುವುದು, ಸಿಕ್ಕ ಮಾತುಕತೆಗಳನ್ನು ಆರ್ಕೈವ್‌ಗೆ ಸರಿಸುವುದು. ಇಲ್ಲೂ ಸಿಗುವುದು ಇಡೀ ಮಾತುಕತೆಯೇ. ಆದ್ದರಿಂದ ಸರಿಸುವ ಮೊದಲು ಪ್ರತಿಯೊಂದರಲ್ಲೂ ಓದದ ಮೇಲ್ ಇದೆಯಾ, ಸ್ಟಾರ್ ಇರುವ ಮೇಲ್ ಇದೆಯಾ ಅಂತ ಕೇಳಿ, ಇದ್ದರೆ ಬಿಟ್ಟುಬಿಡಬೇಕು. ಇದಕ್ಕೆ ಇಸ್ ಅನ್‌ರೆಡ್, ಹ್ಯಾಸ್ ಸ್ಟಾರ್ಡ್ ಮೆಸೇಜಸ್ ಅನ್ನುವ ಸಿದ್ಧ ಸೌಲಭ್ಯಗಳಿವೆ. ಒಟ್ಟಿಗೆ ಸರಿಸುವಾಗ ಒಮ್ಮೆಗೆ 100 ಮಾತುಕತೆ ಮಾತ್ರ. ನಂತರ ಎಡಗಡೆಯ ಗಡಿಯಾರದ ಗುರುತು ಒತ್ತಿ, ದಿನಕ್ಕೊಮ್ಮೆ, ರಾತ್ರಿ ಹೊತ್ತಿಗೆ ಅಂತ ಟ್ರಿಗರ್ ಇಟ್ಟರೆ ಆಯಿತು.

ನಿಮಗೆ ಬಾರದಿದ್ದರೆ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಮೇಲಿನ ಪ್ಯಾರಾ ತೋರಿಸಿ, ಅವರಿಗೆ ಇಷ್ಟು ಸಾಕು. ಆದರೆ ಎಲ್ಲೋ ಸಿಕ್ಕ ಕೋಡನ್ನು ಅರ್ಥವಾಗದೆ ಅಂಟಿಸಬೇಡಿ. ಮೊದಲ ಸಲ ಓಡಿಸುವಾಗ ಅದು ನಿಮ್ಮ ಇಡೀ ಮೇಲ್ ಖಾತೆಯ ಅನುಮತಿ ಕೇಳುತ್ತದೆ. ಓಟಿಪಿ, ಪಾಸ್‌ವರ್ಡ್ ಬದಲಿಸುವ ಲಿಂಕ್ ಎಲ್ಲ ಬರುವುದು ಅಲ್ಲಿಗೇ ಅಲ್ವಾ? ‘ನಿಮ್ಮ ಇನ್‌ಬಾಕ್ಸ್ ಸ್ವಚ್ಛ ಮಾಡಿಕೊಡುತ್ತೇವೆ’ ಅನ್ನುವ ಆ್ಯಪ್‌ಗಳಿಗೂ ಇದೇ ಮಾತು. ಈಗಾಗಲೇ ಯಾವುದಕ್ಕಾದರೂ ಅನುಮತಿ ಕೊಟ್ಟಿದ್ದರೆ ಗೂಗಲ್ ಖಾತೆಯ ‘ಸೆಕ್ಯುರಿಟಿ’ ಭಾಗಕ್ಕೆ ಹೋಗಿ, ಹೊರಗಿನ ಆ್ಯಪ್‌ಗಳ ಪಟ್ಟಿ ತೆರೆದು, ಬೇಡದ್ದನ್ನು ತೆಗೆದುಹಾಕಿ.

ಔಟ್‌ಲುಕ್ ಬಳಸುವವರಿಗೆ

ಔಟ್‌ಲುಕ್ ವೆಬ್‌ಮೇಲ್‌ನಲ್ಲಿ ‘ಸ್ವೀಪ್’ ಅನ್ನುವ ಸೌಲಭ್ಯ ಮೊದಲೇ ಇದೆ. ಒಬ್ಬರಿಂದ ಬಂದ ಒಂದು ಮೇಲ್ ಆರಿಸಿ, ಮೇಲಿನ ಪಟ್ಟಿಯಲ್ಲಿ ‘ಸ್ವೀಪ್’ ಒತ್ತಿ. ಅವರಿಂದ ಬಂದದ್ದನ್ನೆಲ್ಲ ಸರಿಸುವುದು, ಮುಂದೆ ಬರುವುದನ್ನೂ ಸರಿಸುವುದು, ಇತ್ತೀಚಿನ ಒಂದನ್ನು ಮಾತ್ರ ಉಳಿಸುವುದು, 10 ದಿನಕ್ಕಿಂತ ಹಳೆಯದನ್ನು ಸರಿಸುವುದು, ಹೀಗೆ ನಾಲ್ಕು ಆಯ್ಕೆ ಬರುತ್ತದೆ. ದಿನಪತ್ರಿಕೆಯ ಮೇಲ್, ಷೇರು ಮಾರುಕಟ್ಟೆಯ ವರದಿ ಇಂಥವಕ್ಕೆ ‘ಇತ್ತೀಚಿನ ಒಂದು’ ತುಂಬಾ ಚೆನ್ನಾಗಿ ಹೊಂದುತ್ತದೆ. ಆದರೆ ಸ್ವೀಪ್ ನೋಡುವುದು ದಿನವನ್ನು, ನೀವು ಓದಿದ್ದೀರಾ ಅಂತ ಅಲ್ಲ. ಓದದೇ ಉಳಿದದ್ದೂ 10 ದಿನಕ್ಕೆ ಹೋಗುತ್ತದೆ. ಮನುಷ್ಯರು ಬರೆಯುವ ಮೇಲ್‌ಗೆ ಇದನ್ನು ಬಳಸಬೇಡಿ. ಹಾಕಿದ ಸ್ವೀಪ್‌ಗಳ ಪಟ್ಟಿ ಸೆಟ್ಟಿಂಗ್ಸ್‌ನ ‘ಮೇಲ್’ ಭಾಗದಲ್ಲಿ ಸಿಗುತ್ತದೆ, ಬೇಡವಾದದ್ದನ್ನು ಅಲ್ಲಿ ತೆಗೆಯಬಹುದು.

ಫೋನಿನಲ್ಲಿ ಒಂದೆರಡು

ಜಿಮೇಲ್ ಆ್ಯಪ್‌ನಲ್ಲಿ ಬೆರಳನ್ನು ಪಕ್ಕಕ್ಕೆ ಎಳೆದರೆ ಮೇಲ್ ಆರ್ಕೈವ್ ಆಗುತ್ತದೆ. ಇದನ್ನು ಬದಲಾಯಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಸ್ವೈಪ್ ಆ್ಯಕ್ಷನ್ಸ್’ ಹುಡುಕಿ. ಬಲಕ್ಕೆ ಆರ್ಕೈವ್, ಎಡಕ್ಕೆ ‘ಸ್ನೂಜ್’ ಇಡಿ. ಸ್ನೂಜ್ ಅಂದರೆ ಹೇಳಿದ ದಿನಕ್ಕೆ ಆ ಮೇಲ್ ಮತ್ತೆ ಇನ್‌ಬಾಕ್ಸ್‌ನ ಮೇಲ್ಭಾಗಕ್ಕೆ ಬರುತ್ತದೆ. ವಿಮೆ ಕಂತು, ಫೀಸು ಕಟ್ಟುವ ಮೇಲ್‌ಗೆ ಸ್ಟಾರ್‌ಗಿಂತ ಇದೇ ವಾಸಿ. ಡಿಲೀಟ್ ಅನ್ನು ಸ್ವೈಪ್‌ಗೆ ಇಡದಿದ್ದರೆ ಒಳ್ಳೆಯದು. ಬಸ್ಸಿನಲ್ಲಿ ನಿಂತು ನೋಡುವಾಗ ಬೆರಳು ಜಾರುವುದು ಸಹಜ.

ಸುಮ್ನೆ ಮೇಲ್ ಆಯ್ಕೆ ಮಾಡಿದರೂ ಅದು ‘ಓದಿದ್ದು’ ಆಗಬಹುದು. ಕಂಪ್ಯೂಟರ್‌ನಲ್ಲಿ ಪಕ್ಕದಲ್ಲೇ ಮೇಲ್ ತೋರಿಸುವ ‘ರೀಡಿಂಗ್ ಪೇನ್’ ಬಳಸುತ್ತಿದ್ದರೆ, ಎಷ್ಟು ಸೆಕೆಂಡಿಗೆ ಓದಿದ್ದು ಅಂತ ಲೆಕ್ಕ ಹಾಕಬೇಕು ಅನ್ನುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅದನ್ನು 20 ಸೆಕೆಂಡಿಗೆ ಏರಿಸಿ. ಕಣ್ಣು ಹಾಯಿಸಿದ್ದೆಲ್ಲ ಓದಿದ ಲೆಕ್ಕಕ್ಕೆ ಹೋಗುವುದು ತಪ್ಪುತ್ತದೆ.

ಜಾಗ ಉಳಿಯುತ್ತದಾ?

ಇಲ್ಲ. ಆರ್ಕೈವ್ ಮಾಡಿದ ಮೇಲ್ ಕೂಡ ಅಷ್ಟೇ ಜಾಗ ಹಿಡಿಯುತ್ತದೆ. 2004ರಲ್ಲಿ ಜಿಮೇಲ್ ಶುರುವಾದಾಗ 1 ಜಿಬಿ ಕೊಟ್ಟಿದ್ದೇ ಆಗ ದೊಡ್ಡ ಸುದ್ದಿ. ಅದು ಆಮೇಲೆ 15 ಜಿಬಿಗೆ ಬೆಳೆಯಿತು, ಆದರೆ ಗೂಗಲ್ ಡ್ರೈವ್ ಮತ್ತು ಫೋಟೋಸ್ ಕೂಡ ಅದರಲ್ಲೇ ಪಾಲು ಪಡೆಯುತ್ತವೆ. ಜಾಗ ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಹಾಗಾಗಿ ಆರ್ಕೈವ್ ಏರ್ಪಾಡು ಮುಗಿದ ಮೇಲೆ ಒಂದು ದಿನ ಬೇರೆಯಾಗಿ ಕೂತು ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್ ಹುಡುಕಿ. ಹುಡುಕುವ ಪೆಟ್ಟಿಗೆಯಲ್ಲಿ ಲಾರ್ಜರ್, ಕೋಲನ್, 10, ಎಮ್ ಅಕ್ಷರ ಅಂತ ಇಂಗ್ಲಿಷಿನಲ್ಲಿ ಜೋಡಿಸಿ ಬರೆದರೆ 10 ಎಂಬಿಗಿಂತ ದೊಡ್ಡವು ಬರುತ್ತವೆ. ಮದುವೆ ಫೋಟೋ, ಹಳೆಯ ಪ್ರಾಜೆಕ್ಟ್ ಫೈಲ್ ಇಂಥವೇ ಜಾಸ್ತಿ ಇರುತ್ತವೆ. ಬೇಕಾದ್ದನ್ನು ಡೌನ್‌ಲೋಡ್ ಮಾಡಿಕೊಂಡು, ಒಂದೊಂದಾಗಿ ನೋಡಿ, ನಿಮ್ಮ ಕೈಯಿಂದಲೇ ಅಳಿಸಿ. ಟ್ರ್ಯಾಶ್ ಕೂಡ ಖಾಲಿ ಮಾಡಿದ ಮೇಲೆಯೇ ಜಾಗ ವಾಪಸ್ ಸಿಗುವುದು.